ಕೈಗೆ ಸಿಗುವ ರೇಲಿಂಗ್

ಚಿಕ್ಕಂದಿನಲ್ಲಿ ಓಡಿ ಹತ್ತಿದ ಮೆಟ್ಟಿಲನ್ನೇ ಎಪ್ಪತ್ತು ದಾಟಿದ ಮೇಲೆ ಒಂದೊಂದಾಗಿ ಇಳಿಯುವ ಹಿರಿಯರು ಬೆಂಗಳೂರಿನ ಕುಮಾರ ಪಾರ್ಕಿನ ಹಳೆಯ ಮನೆಗಳಲ್ಲಿ ಇದ್ದಾರೆ. ಅವರ ಪಾಲಿಗೆ ರೇಲಿಂಗ್ ಎಂದರೆ ಮೂರನೆಯ ಕಾಲು. ಆದರೆ ಮನೆ ರಿಪೇರಿಗೆ ಕೈಹಾಕಿದಾಗ ಎಷ್ಟೋ ಕಡೆ ಅದರ ಮೇಲೆ ಐದಾರು ಇಂಚು ಅಗಲದ ತೇಗದ ಹಲಗೆ ಬಂದು ಕೂರುತ್ತದೆ. ನೋಡಲು ಗಟ್ಟಿಮುಟ್ಟು, ಹಿಡಿಯಲು ಬಾರದು.

ಕಾಲು ಜಾರಿದ ಗಳಿಗೆಯಲ್ಲಿ ನಾಲ್ಕು ಬೆರಳು ಒಂದು ಬದಿಯಿಂದ, ಹೆಬ್ಬೆರಳು ಇನ್ನೊಂದು ಬದಿಯಿಂದ ಸುತ್ತಿಕೊಂಡರಷ್ಟೇ ಮೈಭಾರ ನಿಲ್ಲುತ್ತದೆ. ಅಗಲ ಹಲಗೆಯ ಮೇಲೆ ಅಂಗೈ ಬರೀ ಜಾರುತ್ತದೆ. ಅಂಗವಿಕಲರಿಗೂ ಹಿರಿಯರಿಗೂ ಅನುಕೂಲವಾದ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರ ಹೊರಡಿಸಿರುವ ಮಾರ್ಗಸೂಚಿ 38ರಿಂದ 45 ಮಿ.ಮೀ. ವ್ಯಾಸದ ದುಂಡು ಹಿಡಿಯನ್ನು ಹೇಳುವುದು ಇದೇ ಕಾರಣಕ್ಕೆ. ಗೋಡೆಗೂ ಹಿಡಿಗೂ ನಡುವೆ 50 ಮಿ.ಮೀ. ಜಾಗ ಬಿಟ್ಟರೆ ಬೆರಳ ಗಿಣ್ಣು ತರಚುವುದಿಲ್ಲ.

ಮರವೇ ಏಕೆ? ಸ್ಟೇನ್‌ಲೆಸ್ ಸ್ಟೀಲ್ ಮರಕ್ಕಿಂತ ಸುಮಾರು ನೂರು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಡಿಸೆಂಬರಿನ ಮುಂಜಾನೆ ಸ್ಟೀಲ್ ಮುಟ್ಟಿದರೆ ಕೈಯ ಬಿಸಿಯನ್ನೆಲ್ಲ ಹೀರಿದಂತಾಗುತ್ತದೆ. ಮರ ಹಾಗೆ ಮಾಡದು.

ಆದರೆ ಮರಕ್ಕೆ ಒಂದು ಸ್ವಭಾವವಿದೆ: ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಮಾರ್ಚ್ ಬಂತೆಂದರೆ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ನಗಣ್ಯ, ಅಡ್ಡಕ್ಕೆ ಮಾತ್ರ ಎದ್ದು ಕಾಣುತ್ತದೆ. ಸರಿಯಾಗಿ ಒಣಗದ ಮರ ತಂದರೆ ಮೂರು ಮೀಟರಿನ ಹಿಡಿ ಗಿಡ್ಡವಾಗುವುದಿಲ್ಲ. ಮೂಲೆಯ ಜೋಡಣೆ ಬಾಯಿ ಬಿಡುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ಮರದ ಇಂಥ ಗುಣಗಳನ್ನು ಅಭ್ಯಾಸ ಮಾಡುವ ಸಂಸ್ಥೆ ಪಕ್ಕದ ಮಲ್ಲೇಶ್ವರದಲ್ಲೇ ಇದೆ. 1938ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ ಇಂದಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ.

ಬಡಗಿಯ ಜಾಣ್ಮೆ ಕಾಣುವುದು ತಿರುವಿನಲ್ಲಿ. ಮೆಟ್ಟಿಲಿನ ಇಳಿಜಾರು 30 ಡಿಗ್ರಿ ಇದ್ದರೆ, ಇಳಿಜಾರಿನ ತುಂಡನ್ನೂ ಸಮತಟ್ಟಿನ ತುಂಡನ್ನೂ ತಲಾ 15 ಡಿಗ್ರಿಗೆ ಕೊಯ್ಯಬೇಕು. ಆಗಷ್ಟೇ ಎರಡೂ ಮುಖಗಳ ಅಳತೆ ಒಂದೇ ಆಗಿ ಅಂಚು ಕೂಡುತ್ತದೆ. ಉಪ್ಪು ಕಾಗದದಲ್ಲಿ ಉಜ್ಜಿ, ಅರಗಿನ ಪಾಲಿಶ್ ಹಚ್ಚಿದ ಮೇಲೆ ಅಂಗೈಗೆ ಆ ಗೆರೆ ತಿಳಿಯಲೇಬಾರದು.

ಎಲ್ಲಕ್ಕಿಂತ ಹೆಚ್ಚು ತಪ್ಪುವುದು ಕೆಳಗಿನ ಕಂಬ. ನೆಲದಿಂದ 90 ಸೆಂ.ಮೀ. ಎತ್ತರದಲ್ಲಿ ಯಾರೋ 50 ಕೆ.ಜಿ. ಬಲದಿಂದ ಎಳೆದರೆಂದುಕೊಳ್ಳಿ. ಕಂಬವೇ ಮೀಟುಗೋಲಾಗುತ್ತದೆ. ಬುಡದ ಬೋಲ್ಟಿಗೂ ಕಂಬ ಮಗುಚುವ ಅಂಚಿಗೂ 9 ಸೆಂ.ಮೀ. ಅಂತರವಿದ್ದರೆ ಬೋಲ್ಟಿನ ಮೇಲೆ ಬೀಳುವ ಸೆಳೆತ ಹತ್ತು ಪಟ್ಟು, ಅಂದರೆ 500 ಕೆ.ಜಿ. ಮೇಲೆ ಹಾಸಿದ ಗ್ರಾನೈಟಿಗೆ ಕಚ್ಚಿದ ಬೋಲ್ಟು ಇದನ್ನು ತಡೆಯದು. ಆಂಕರ್ ಬೋಲ್ಟು ಕೆಳಗಿನ ಕಾಂಕ್ರೀಟಿಗೇ ಇಳಿದಿರಬೇಕು.

ಪೂರ್ತಿ ಕೆಲಸಕ್ಕೆ ಒಪ್ಪಿಗೆ ಕೊಡುವ ಮುನ್ನ ಒಂದಡಿ ಉದ್ದದ ತುಂಡು ಮಾಡಿಸಿ, ಮನೆಯ ಹಿರಿಯರ ಕೈಗೆ ಕೊಡಿ. ಅವರ ಹೆಬ್ಬೆರಳು ಬೆರಳುಗಳತ್ತ ಸುತ್ತಿ ಬಾರದಿದ್ದರೆ ಇನ್ನಷ್ಟು ಕೀಸಲು ಹೇಳಿ.