ಕುಡುಗೋಲಿನ ಕೆಲಸ ಕಸಿದ ಯಂತ್ರ

ಹಣ್ಣಾದ ಗೋಧಿ ಯಾರಿಗೂ ಕಾಯುವುದಿಲ್ಲ. ಕೆಲವೇ ದಿನಗಳಲ್ಲಿ ಕೊಯ್ಯದಿದ್ದರೆ ಕಾಳು ಉದುರಿ ಮಣ್ಣುಪಾಲು. ಹಾಗಾಗಿ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ರೈತ ಎಷ್ಟು ಬಿತ್ತಬೇಕೆಂದು ಲೆಕ್ಕ ಹಾಕುತ್ತಿದ್ದುದು ಜಮೀನು ನೋಡಿಯಲ್ಲ, ಕೊಯ್ಲಿಗೆ ಸಿಗುವ ಆಳುಗಳನ್ನು ನೋಡಿ.

1831ರಲ್ಲಿ ವರ್ಜೀನಿಯಾದ ಸೈರಸ್ ಮೆಕಾರ್ಮಿಕ್ ಎಂಬ 22ರ ತರುಣ ಕುದುರೆ ಎಳೆಯುವ ಕೊಯ್ಲು ಯಂತ್ರವನ್ನು ಹೊಲಕ್ಕಿಳಿಸಿದ. ಅವನ ತಂದೆ ರಾಬರ್ಟ್ ವರ್ಷಗಟ್ಟಲೆ ಇದಕ್ಕಾಗಿ ಹೆಣಗಿ ಕೈಬಿಟ್ಟಿದ್ದರು. ಯಂತ್ರ ಕಟ್ಟಲು ಕೈಜೋಡಿಸಿದ ಜೋ ಆಂಡರ್ಸನ್ ಆ ಮನೆಯ ಗುಲಾಮ. ಪೇಟೆಂಟಿನಲ್ಲಿ ಅವನ ಹೆಸರಿಲ್ಲ.

ನೆಲದ ಚಕ್ರ ತಿರುಗಿದಂತೆ ಹಲ್ಲಿನ ಅಲಗು ಎಡಕ್ಕೂ ಬಲಕ್ಕೂ ಸರಸರ ಓಡುತ್ತದೆ. ಮುಂದೆ ಚಾಚಿದ ಬೆರಳುಗಳು ದಂಟು ಬಾಗದಂತೆ ಹಿಡಿಯುತ್ತವೆ. ರಾಟೆಯಂತೆ ಸುತ್ತುವ ಪಟ್ಟಿಗಳು ಪೈರನ್ನು ಅಲಗಿನತ್ತ ಒತ್ತಿ, ಕೊಯ್ದದ್ದನ್ನು ಹಿಂದಿನ ಹಲಗೆಯ ಮೇಲೆ ಬೀಳಿಸುತ್ತವೆ. ಪಕ್ಕದಲ್ಲಿ ನಡೆಯುವವನೊಬ್ಬ ಅದನ್ನು ಎಳೆದು ನೆಲಕ್ಕೆ ಹಾಕಬೇಕು. ಸಿವುಡು ಕಟ್ಟುವುದು ಮಾತ್ರ ಆಗಲೂ ಕೈಯಿಂದಲೇ.

ಮೊದಲಿಗ ಮೆಕಾರ್ಮಿಕ್ಕನೇ ಎನ್ನಲಾಗದು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಬೆಲ್ 1828ರಲ್ಲೇ ಇಂಥದ್ದನ್ನು ಓಡಿಸಿದ್ದ, ಪೇಟೆಂಟ್ ಮಾತ್ರ ಬೇಡವೆಂದ. ಒಬೆಡ್ ಹಸ್ಸಿ 1833ರಲ್ಲಿ ಪೇಟೆಂಟ್ ಪಡೆದ, ಮೆಕಾರ್ಮಿಕ್ 1834ರಲ್ಲಿ. ಮೆಕಾರ್ಮಿಕ್ ಗೆದ್ದದ್ದು ವ್ಯಾಪಾರದಲ್ಲಿ: 1847ರಲ್ಲಿ ಷಿಕಾಗೋದಲ್ಲಿ ಕಾರ್ಖಾನೆ, ರೈತರಿಗೆ ಕಂತಿನ ಸೌಲಭ್ಯ, ಊರೂರಿಗೆ ಏಜೆಂಟರು. 1860ರ ದಶಕದ ಅಂತರ್ಯುದ್ಧಕ್ಕೆ ಗಂಡಾಳುಗಳು ಹೊರಟಾಗ ಉತ್ತರದ ರಾಜ್ಯಗಳ ರೈತರ ಕೈಹಿಡಿದದ್ದು ಇಂಥ ಯಂತ್ರಗಳೇ.

ಈಗ ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಳಿಗೆ ಕೊಯ್ಲು, ಒಕ್ಕಣೆ ಎರಡನ್ನೂ ಒಟ್ಟಿಗೆ ಮುಗಿಸುವ ಕಂಬೈನ್ ಹಾರ್ವೆಸ್ಟರ್ ಬಾಡಿಗೆಗೆ ಬರುತ್ತದೆ. ದಿನಗಟ್ಟಲೆಯ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ. ಆದರೆ ಹುಲ್ಲು ಚೂರಾಗಿ ಬೀಳುವುದರಿಂದ ದನ ಸಾಕಿದವರ ಗೊಣಗಾಟ ತಪ್ಪಿಲ್ಲ.