ಎರಡೂ ಕಡೆಯವರು ನಂಬಿದ ಮೂರನೆಯವರು

2005ರ ಫೆಬ್ರುವರಿ 10ರ ರಾತ್ರಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ರಾಜ್ಯ ಮೀಸಲು ಪೊಲೀಸ್ (ಕೆಎಸ್‌ಆರ್‌ಪಿ) ತುಕಡಿಯ ಮೇಲೆ ನಕ್ಸಲರು ಮುಗಿಬಿದ್ದರು. ಪೊಲೀಸರ ಜೊತೆಗೆ ಒಬ್ಬ ನಾಗರಿಕನೂ ಪ್ರಾಣ ಕಳೆದುಕೊಂಡ. ಅದಕ್ಕೆ ನಾಲ್ಕು ದಿನ ಮೊದಲು ಚಿಕ್ಕಮಗಳೂರು ಜಿಲ್ಲೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾಗಿದ್ದರು. ಮಲೆನಾಡಿನ ಸೇಡು ಬಯಲುಸೀಮೆಯಲ್ಲಿ ತೀರಿತು.

ಪಾವಗಡಕ್ಕೆ ಮೂರು ಕಡೆಯೂ ಆಂಧ್ರದ ನೆಲ. ಅಲ್ಲಿನ ಗಾಳಿ ಇಲ್ಲಿಗೆ ಬೀಸದೆ ಇರುವುದಿಲ್ಲ. ನಿವೃತ್ತ ಐಎಎಸ್ ಅಧಿಕಾರಿ ಎಸ್.ಆರ್. ಶಂಕರನ್ ಅವರ ನಾಗರಿಕರ ಸಮಿತಿ ವರ್ಷಗಟ್ಟಲೆ ಓಡಾಡಿ, 2004ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಸರ್ಕಾರವನ್ನೂ ನಕ್ಸಲರನ್ನೂ ಎದುರುಬದುರು ಕೂರಿಸಿತ್ತು. ನಕ್ಸಲರು ಬಂದೂಕು ಹೊತ್ತು ಊರೊಳಗೆ ಬರಬಹುದೇ ಎಂಬ ಪ್ರಶ್ನೆಗೇ ಒಮ್ಮತ ಸಿಗಲಿಲ್ಲ. 2005ರ ಜನವರಿಯಲ್ಲಿ ಮಾತುಕತೆ ಮುರಿಯಿತು.

ಹಾಗಾದರೆ ಮಾತಿನ ಬದಲು ಶಾಂತಿ ಕಾಯಲು ಸೇನೆ ಕಳಿಸಿದರೆ ಸಾಕೇ? 1987ರಲ್ಲಿ ಭಾರತ ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಕಳಿಸಿತು. ತಿಂಗಳುಗಳಲ್ಲೇ ಅದು ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಜೊತೆ ಯುದ್ಧಕ್ಕಿಳಿಯಿತು. ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡು 1990ರಲ್ಲಿ ವಾಪಸಾಯಿತು. ಅಂತರ್ಯುದ್ಧ ಮತ್ತೆ 19 ವರ್ಷ ಉರಿಯಿತು. ನಡುವೆ ನಿಲ್ಲಬೇಕಾದವನೇ ಒಂದು ಕಡೆಯವನಾದರೆ ಬೇರೇನಾದೀತು?

ಕರ್ನಾಟಕದಲ್ಲಿ ಆ ನಡುವಿನ ಜಾಗಕ್ಕೆ ಬಂದವರು ಬರಿಗೈಯವರು. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ವಕೀಲ ಎ.ಕೆ. ಸುಬ್ಬಯ್ಯ, ಪತ್ರಕರ್ತೆ ಗೌರಿ ಲಂಕೇಶ್. ಅವರ ಬೆನ್ನುಬಿಡದ ಪ್ರಯತ್ನದಿಂದ 2014ರ ಡಿಸೆಂಬರಿನಲ್ಲಿ ನಕ್ಸಲ್ ಚಳವಳಿಯಲ್ಲಿದ್ದ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಬಂದರು. ನನಗೆ ಮುಖ್ಯವೆನಿಸುವುದು ಮುಂದಿನ ಮಾತು: ಕಾಡು ಬಿಟ್ಟು ಬಂದ ನೂರ್ ಶ್ರೀಧರ್ ಅವರೇ ಆಮೇಲೆ ಕಾಡಿನಲ್ಲಿ ಉಳಿದವರ ಜೊತೆ ಮಾತಾಡುವವರಾದರು. ಆ ಮಾತಿಗೆ ಯಾವ ಪಡೆಗೂ ಸಿಗದ ತೂಕವಿತ್ತು.

2024ರ ನವೆಂಬರಿನಲ್ಲಿ ಹೆಬ್ರಿಯ ಬಳಿ ನಕ್ಸಲ್ ನಾಯಕ ವಿಕ್ರಂ ಗೌಡ ಹತ್ಯೆಯಾದಾಗ ಎಲ್ಲ ಮುಗಿಯಿತೆಂದೇ ಅನ್ನಿಸಿತ್ತು. ಆದರೆ ಶಾಂತಿಗಾಗಿ ನಾಗರಿಕ ವೇದಿಕೆ ಮತ್ತು ಸರ್ಕಾರದ ಶರಣಾಗತಿ ಸಮಿತಿ ಸುಮ್ಮನಾಗಲಿಲ್ಲ. 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿ ನಕ್ಸಲರು ಶರಣಾಗಲು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಬಂದರು. ಪೊಲೀಸರ ಒತ್ತಡ, ತೆಳುವಾದ ಸಂಘಟನೆ ಇದಕ್ಕೆ ಕಾರಣವಲ್ಲ ಎನ್ನಲಾರೆ. ಆದರೂ ಜೀವಂತವಾಗಿ ಊರಿಗೆ ಮರಳುವ ದಾರಿ ತೋರಿಸಿದ್ದು ಮಧ್ಯಸ್ಥರೇ. ಶರಣಾದವರು ಮುಂದಿಟ್ಟ ಬೇಡಿಕೆಗಳಲ್ಲಿ ಪ್ರಕರಣಗಳ ಶೀಘ್ರ ವಿಚಾರಣೆ, ಆದಿವಾಸಿಗಳ ಭೂಮಿ ಎರಡೂ ಇವೆ. ಸರ್ಕಾರ ಇವೆರಡನ್ನೂ ಈಡೇರಿಸಲೇಬೇಕು.