ಲೋಹದ ಡ್ಯಾಶ್‌ಬೋರ್ಡ್: ಕಷ್ಟ ಇರುವುದು ತಗಡಿನ ಹಿಂದೆ

ಇವತ್ತು ಸ್ವಲ್ಪ ಗ್ಯಾರೇಜ್ ಮಾತು. ಕಿಟ್ ಕಾರ್ ಅಂದ್ರೆ ಬಿಡಿಭಾಗ ತಂದು ಮನೆಯಲ್ಲೇ ಜೋಡಿಸುವ ಕಾರು. 1957ರಲ್ಲಿ ಬಂದ ಬ್ರಿಟನ್ನಿನ ಲೋಟಸ್ ಸೆವೆನ್ ಇದರಲ್ಲಿ ಬಹಳ ಹೆಸರುವಾಸಿ. ಬಿಡಿಯಾಗಿ ಕೊಂಡರೆ ಅಲ್ಲಿ ಖರೀದಿ ತೆರಿಗೆ ಉಳಿಯುತ್ತಿತ್ತು, ಅದಕ್ಕೇ! ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಇಂಜಿನಿಯರಿಂಗ್ ಹುಡುಗರು ಬಾಹಾ ಸ್ಪರ್ಧೆಗೆ ಕಟ್ಟುವ ಬಗ್ಗಿ. ಆದ್ರೆ ಕಟ್ಟಿದ್ದನ್ನೆಲ್ಲ ರಸ್ತೆಗೆ ಇಳಿಸ್ಲಿಕ್ಕೆ ಆಗುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ಪುಣೆಯ ಎಆರ್‌ಎಐಯಂಥ ಸಂಸ್ಥೆ ಮೊದಲು ಮಾದರಿಯನ್ನು ಪರೀಕ್ಷಿಸಬೇಕು. ಹಾಗಾಗಿ ನಮ್ಮ ಓಟ ಖಾಸಗಿ ಮೈದಾನದಲ್ಲಿ ಮಾತ್ರ.

ಈಗ ಡ್ಯಾಶ್‌ಬೋರ್ಡ್. ಒಂದೂವರೆ ಅಥವಾ ಎರಡು ಮಿ.ಮೀ. ದಪ್ಪದ ಅಲ್ಯೂಮಿನಿಯಂ ಶೀಟ್ ಸಾಕು. ಶೀಟ್ ಕತ್ತರಿಸುವ ಮೊದಲು ರಟ್ಟಿನಲ್ಲಿ ಅಚ್ಚು ಮಾಡಿ. ಅದನ್ನು ಜಾಗದಲ್ಲಿ ಇಟ್ಟು, ಸೀಟಿನಲ್ಲಿ ನೀವೇ ಕೂತು ನೋಡಿ: ಸ್ಟೀರಿಂಗ್ ಚಕ್ರ ಮೀಟರನ್ನು ಮುಚ್ಚುತ್ತದಾ? ಸ್ವಿಚ್ಚಿಗೆ ಕೈ ಎಟಕುತ್ತದಾ? ರಟ್ಟು ಹಾಳಾದ್ರೆ ಇನ್ನೊಂದು ರಟ್ಟು ಸಿಗ್ತದೆ, ಮಾರಾಯ್ರೆ. ಸಣ್ಣ ಮೀಟರುಗಳು ಸಾಮಾನ್ಯವಾಗಿ 52 ಮಿ.ಮೀ.ನವು. ಆದರೂ ಕೈಯಲ್ಲಿರುವುದನ್ನು ಅಳೆದೇ ತೂತು ಕೊರೆಯಿರಿ. ಕೆಳಗೆ ಮರದ ತುಂಡು ಇಡಿ, ಡ್ರಿಲ್ ನಿಧಾನವಾಗಿ ತಿರುಗಲಿ.

ಕೊರೆದ ತೂತಿನ ಅಂಚು ಬ್ಲೇಡ್ ಇದ್ದ ಹಾಗೆ. ಫೈಲ್ ಹಾಕಿ ಉಜ್ಜಿ. ಶೀಟಿನ ಕೆಳಗಿನ ಅಂಚನ್ನು ಒಳಕ್ಕೆ ಮಡಚಿಸಿ, ಯಾಕಂದ್ರೆ ಗಟ್ಟಿ ಬ್ರೇಕ್ ಹಾಕಿದಾಗ ನಿಮ್ಮ ಮೊಣಕಾಲು ಹೋಗಿ ಬಡಿಯುವುದು ಅಲ್ಲಿಗೇ.

ಇಷ್ಟಾದ್ರೆ ಮುಗೀತು ಅಂತ ಅನ್ನಿಸ್ತದೆ. ನಿಜವಾದ ಅಪಾಯ ಇರುವುದು ಹಿಂಬದಿಯಲ್ಲಿ. ಚಾಸಿಗೆ ಬ್ಯಾಟರಿಯ ಮೈನಸ್ ಸೇರಿರುತ್ತದೆ, ತಗಡು ಆ ಚಾಸಿಗೆ ತಾಗಿರುತ್ತದೆ. ಪ್ಲಸ್ ವಯರಿನ ಸಿಪ್ಪೆ ತೂತಿನ ಅಂಚಿಗೆ ಉಜ್ಜಿ ಉಜ್ಜಿ ಸವೆದರೆ ನೇರ ಶಾರ್ಟ್. ಪ್ಲಾಸ್ಟಿಕ್ ಡ್ಯಾಶ್‌ಬೋರ್ಡಿನಲ್ಲಿ ಇಷ್ಟು ಸುಲಭಕ್ಕೆ ಹೀಗಾಗುದಿಲ್ಲ. ಅದಕ್ಕೆ ವಯರ್ ದಾಟುವ ಪ್ರತಿ ತೂತಿಗೂ ರಬ್ಬರ್ ಬಳೆ ಹಾಕಿ, ವಯರನ್ನು ನೇತಾಡಲು ಬಿಡದೆ ಕಟ್ಟಿ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ಫ್ಯೂಸಿಗಿಂತ ಮುಂಚಿನ ವಯರಿಗೆ ಕಾವಲೇ ಇಲ್ಲ, ನೋಡಿ.

ಇನ್ನು ನಮ್ಮ ಮಂಗಳೂರಿನ ಕಥೆ. ಕಡಲಿನ ಉಪ್ಪುಗಾಳಿ, ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ದಾಟುವ ಮಳೆ. ಉಕ್ಕು, ಅಲ್ಯೂಮಿನಿಯಂ ಎರಡೂ ಒಂದಕ್ಕೊಂದು ತಾಗಿ ನಡುವೆ ಉಪ್ಪುನೀರು ಸೇರಿದರೆ ಅದೇ ಒಂದು ಪುಟ್ಟ ಬ್ಯಾಟರಿ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಸ್ಕ್ರೂ ಸುತ್ತ ಬಿಳಿ ಪುಡಿ ಕಂಡರೆ ಅದೇ ಅಂತ ತಿಳಿದುಕೊಳ್ಳಿ. ತಗಡು ಮತ್ತು ಚೌಕಟ್ಟಿನ ನಡುವೆ ರಬ್ಬರ್ ಪಟ್ಟಿ, ಸ್ಕ್ರೂವಿಗೆ ನೈಲಾನ್ ವಾಷರ್ ಹಾಕಿ. ಹಾಗೆ ಮಾಡಿದ ಮೇಲೆ ತಗಡನ್ನು ಅರ್ತಿಂಗ್ ಅಂತ ನಂಬಬೇಡಿ. ಮೀಟರುಗಳಿಗೆ ಬೇರೆಯೇ ಅರ್ತ್ ವಯರ್ ಎಳೆದು ಚಾಸಿಗೆ ಕಟ್ಟಿ. ಇಲ್ಲದಿದ್ರೆ ಹೆಡ್‌ಲೈಟ್ ಹಾಕಿದ ಕೂಡ್ಲೇ ಪೆಟ್ರೋಲ್ ಮುಳ್ಳು ಕುಣಿಯುವುದನ್ನೂ ನೋಡಬೇಕಾದೀತು.

ಕೊನೆಗೆ, ಅಂಟು ಹಾಕಿ ಕೂರಿಸಬೇಡಿ. ನಾಲ್ಕು ಸ್ಕ್ರೂ ಬಿಚ್ಚಿದ್ರೆ ಇಡೀ ತಗಡು ಮಡಿಲಿಗೆ ಬರುವಷ್ಟು ವಯರ್ ಉದ್ದ ಬಿಡಿ. ಮಳೆಗಾಲದಲ್ಲಿ ಅದನ್ನು ಒಮ್ಮೆಯಾದ್ರೂ ಬಿಚ್ಚಲಿಕ್ಕೆ ಉಂಟು. ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ.